ಡಿಜಿಟಲ್ ದಾಖಲೆಗಳ ದೀರ್ಘಕಾಲಿಕ ಸಂರಕ್ಷಣೆ: ಒಂದು ಪಾಠಯೋಜನೆ

ತರಗತಿ: 9ನೇ ತರಗತಿ
ಅವಧಿ: 40 ನಿಮಿಷ
ಕಲಿಕಾ ಫಲ: ಕಡತವನ್ನು ಉಳಿಸುವುದು ಬೇರೆ, ಓದಲು ಬರುವಂತೆ ಉಳಿಸುವುದು ಬೇರೆ ಎಂಬುದನ್ನು ವಿದ್ಯಾರ್ಥಿಗಳು ಉದಾಹರಣೆಸಹಿತ ವಿವರಿಸುವರು.

ತೊಡಗಿಸುವಿಕೆ
ಫ್ಲಾಪಿ ಡಿಸ್ಕ್ ಒಂದನ್ನು ತೋರಿಸಿ, "ಇದರಲ್ಲಿರುವ ಬರಹವನ್ನು ಈಗ ಓದುವುದು ಹೇಗೆ?" ಎಂದು ಕೇಳುವುದು. ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದು.

ಅನ್ವೇಷಣೆ
ಎಂಟು ವಿದ್ಯಾರ್ಥಿಗಳು 0 ಮತ್ತು 1ರ ಮಿಂಚುಪಟ್ಟಿಗಳನ್ನು ಹಿಡಿದು 01000001 ಆಗುವಂತೆ ಸಾಲಾಗಿ ನಿಲ್ಲುವರು. ಆಸ್ಕಿ ಸಂಕೇತದಲ್ಲಿ ಇದು 65, ಅಂದರೆ ಇಂಗ್ಲಿಷಿನ ದೊಡ್ಡ 'ಎ' ಅಕ್ಷರ. ಬಲದಿಂದ ಎರಡನೆಯವರು ಪಟ್ಟಿ ತಿರುಗಿಸಿದರೆ 01000011, ಅಂದರೆ 'ಸಿ' ಆಗುತ್ತದೆ. 1ಗಳ ಸಂಖ್ಯೆ ಎರಡರಿಂದ ಮೂರಾದುದರಿಂದ ದೋಷ ತಿಳಿಯುತ್ತದೆ. ಇಬ್ಬರು ಪಟ್ಟಿ ತಿರುಗಿಸಿದರೆ? ಸಮ ಸಂಖ್ಯೆ ಸಮವಾಗಿಯೇ ಉಳಿದು ದೋಷ ಅಡಗುತ್ತದೆ. ಆದ್ದರಿಂದಲೇ ಸಂಗ್ರಹಾಲಯಗಳು ಇಡೀ ಕಡತಕ್ಕೆ ಚೆಕ್‌ಸಮ್ ಲೆಕ್ಕ ಹಾಕಿ, ಆಗಾಗ ಹೋಲಿಸಿ ನೋಡುತ್ತವೆ. ಕೆಟ್ಟ ಪ್ರತಿಯ ಬದಲು ಬೇರೆಡೆ ಇಟ್ಟ ಸರಿಯಾದ ಪ್ರತಿಯನ್ನು ಬಳಸುತ್ತವೆ.

ವಿವರಣೆ
ಬಿಟ್‌ಗಳು ಸರಿಯಿದ್ದರೆ ಸಾಕೇ? ಇಂಗ್ಲೆಂಡಿನಲ್ಲಿ 1086ರಲ್ಲಿ ತೊಗಲಿನ ಹಾಳೆಗಳ ಮೇಲೆ ಬರೆದ ಡೂಮ್ಸ್‌ಡೇ ಪುಸ್ತಕವನ್ನು ಇಂದಿಗೂ ಓದಬಹುದು. ಅದರ 900ನೇ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಹೊಸ ಡೂಮ್ಸ್‌ಡೇ ಯೋಜನೆ ನಡೆಸಿತು. ಶಾಲಾ ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿನ ವಿವರ, ಚಿತ್ರಗಳನ್ನು ಕೊಟ್ಟರು. ಅವನ್ನು ಲೇಸರ್ ಡಿಸ್ಕ್‌ಗಳಲ್ಲಿ ತುಂಬಲಾಯಿತು. ಕೆಲವೇ ವರ್ಷಗಳಲ್ಲಿ ಅವನ್ನು ಓದುವ ಯಂತ್ರಗಳೇ ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಯಂತ್ರದಂತೆಯೇ ವರ್ತಿಸುವ ತಂತ್ರಾಂಶದ ಮೂಲಕ ಆ ದಾಖಲೆಯನ್ನು ಮತ್ತೆ ತೆರೆದು ತೋರಿಸಿದರು. ಈ ವಿಧಾನವೇ ಎಮ್ಯುಲೇಷನ್.

ವಿಸ್ತರಣೆ
ಇನ್ನೊಂದು ವಿಧಾನ ಮೈಗ್ರೇಷನ್: ಕಡತವನ್ನೇ ಹೊಸ ರೂಪಕ್ಕೆ ಪರಿವರ್ತಿಸುವುದು. ಯೂನಿಕೋಡ್ ಬಳಕೆಗೆ ಬರುವ ಮೊದಲು ಟೈಪಿಸಿದ ಕನ್ನಡ ಕಡತಗಳು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಒಂದು ಬಿಟ್ಟೂ ಕೆಟ್ಟಿಲ್ಲ, ಆದರೂ ಓದಲಾಗದು. ಅವನ್ನು ಯೂನಿಕೋಡಿಗೆ ಪರಿವರ್ತಿಸುವುದು ಮೈಗ್ರೇಷನ್. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪಬಹುದು. ಆದ್ದರಿಂದ ಮೂಲ ಕಡತವನ್ನು ಅಳಿಸಬಾರದು.

ಮೌಲ್ಯಮಾಪನ
1. ಚೆಕ್‌ಸಮ್ ಹೊಂದಿದ ಕಡತವೂ ಓದಲಾಗದಿರಲು ಕಾರಣವೇನು?
2. ಎಮ್ಯುಲೇಷನ್ ಮತ್ತು ಮೈಗ್ರೇಷನ್‌ಗಳ ಒಂದೊಂದು ಮಿತಿ ತಿಳಿಸಿ.

ನಿಯೋಜಿತ ಕಾರ್ಯ
ಶಾಲೆಯ ಒಂದು ಡಿಜಿಟಲ್ ದಾಖಲೆಯನ್ನು ಆರಿಸಿ, ಅದರ ಪ್ರತಿಗಳು ಎಲ್ಲೆಲ್ಲಿವೆ, ಯಾವ ತಂತ್ರಾಂಶದಲ್ಲಿ ತೆರೆಯುತ್ತದೆ, ಮುಂದೆ ನೋಡಿಕೊಳ್ಳುವವರು ಯಾರು ಎಂದು ಬರೆದು ತರುವುದು.

ಬೋಧಕರ ಗಮನಕ್ಕೆ
ಅವಧಿ ಸಾಲದಿದ್ದರೆ ಆಸ್ಕಿಯ ವಿವರ ಮೊಟಕುಗೊಳಿಸಬಹುದು, ಡೂಮ್ಸ್‌ಡೇ ಉದಾಹರಣೆಯನ್ನಲ್ಲ. ಓದಲಾಗದೆ ಹೋಗುವ ಅಪಾಯಕ್ಕೆ ಸಿಲುಕಿದ್ದು ಮಕ್ಕಳೇ ಬರೆದ ತಮ್ಮೂರಿನ ದಾಖಲೆ ಎಂಬುದು ತರಗತಿಗೆ ಬೇಗ ತಟ್ಟುತ್ತದೆ.