ಮನದೊಳಗಣ ಮಾತು, ಕಿವಿಗೆ ಬಿದ್ದ ಮಾತು

ಓದುಗ ಮಹಾಶಯರು ಮುಂದೆ ಓದುವ ಮೊದಲು, ಹದಿಮೂರರ ಮಗ್ಗಿಯನ್ನು ತುಟಿ ಅಲುಗಿಸದೆ ಒಮ್ಮೆ ಹೇಳಿಕೊಳ್ಳಬೇಕೆಂದು ವಿನಂತಿ. ಹೊರಗೆ ಸದ್ದಿಲ್ಲ, ಆದರೂ ಒಳಗೊಂದು ದನಿ ‘ಹದಿಮೂರೇಳ್ಲ ತೊಂಬತ್ತೊಂದು’ ಎಂದಿತಷ್ಟೆ? ಎಲ್ಲರಿಗೂ ಅದು ಒಂದೇ ಸಮನಾಗಿ ಕೇಳಿಸದು. ಕೇಳಿಸಿದವರಿಗೆ, ಆ ದನಿ ಎಲ್ಲಿಂದ ಬಂತು?

ನಮ್ಮ ಹಿರಿಯರು ಜಪದಲ್ಲಿ ಮೂರು ಬಗೆ ಹೇಳಿದರು. ಗಟ್ಟಿಯಾಗಿ ಉಚ್ಚರಿಸುವುದು ವಾಚಿಕ, ತುಟಿಯಷ್ಟೇ ಅಲುಗುವುದು ಉಪಾಂಶು, ಮನಸ್ಸಿನಲ್ಲೇ ನಡೆಯುವುದು ಮಾನಸ. ಈ ವಿಂಗಡಣೆ ಇಂದಿನ ಮಿದುಳಿನ ಶಾಸ್ತ್ರಕ್ಕೂ ಉಪಯುಕ್ತವೆಂದು ನನ್ನ ಅಭಿಪ್ರಾಯ.

ಕೇಳಿದ ಮಾತಿನ ದಾರಿ ನಮಗೆ ಪಾಠಪುಸ್ತಕದಿಂದಲೇ ಪರಿಚಿತ. ಕಿವಿಯ ತಮಟೆ, ಒಳಗಿವಿಯ ಶಂಖ, ಶ್ರವಣನರ, ಕೊನೆಗೆ ಮಿದುಳಿನ ಪಾರ್ಶ್ವದಲ್ಲಿರುವ ಶ್ರವಣಕೇಂದ್ರ. ಅದರ ಸಮೀಪದ ಭಾಗ ಕೆಟ್ಟರೆ ಕೇಳಿದ ಮಾತಿನ ಅರ್ಥವಾಗದೆಂದು ಜರ್ಮನಿಯ ವೆರ್ನಿಕೆ 1874ರಲ್ಲಿ ತೋರಿಸಿದನು. ಮಾತನ್ನು ಹೂಡುವ ಭಾಗ ಮಿದುಳಿನ ಮುಂಬದಿಯಲ್ಲಿದೆಯೆಂದು ಫ್ರಾನ್ಸಿನ ಬ್ರೋಕಾ 1861ರಲ್ಲೇ ಸೂಚಿಸಿದ್ದನು.

ಮನದ ಮಾತು ಈ ಮುಂಬದಿಯಿಂದ ಹೊರಡುತ್ತದೆ. ನಾಲಗೆ ತುಟಿಗಳಿಗೆ ಹೋಗಬೇಕಾದ ಆಜ್ಞೆ ಸಿದ್ಧವಾಗಿಯೂ ತಡೆಯಲ್ಪಡುತ್ತದೆ. ಅದರ ಒಂದು ಪ್ರತಿ ಮಾತ್ರ ಶ್ರವಣಕೇಂದ್ರಕ್ಕೆ ಹೋಗುತ್ತದೆಂದು ಅನೇಕ ವಿಜ್ಞಾನಿಗಳ ವಿವರಣೆ. ಮೂಲಪತ್ರ ಕಡತದಲ್ಲೇ ಉಳಿದು ನಕಲು ರವಾನೆಯಾದಂತೆ! ಆದುದರಿಂದ ಕಿವಿಗೇನೂ ಬೀಳದಿದ್ದರೂ ಶ್ರವಣಕೇಂದ್ರ ಎಚ್ಚರಗೊಳ್ಳುತ್ತದೆ, ಆದರೆ ನಿಜವಾಗಿ ಕೇಳಿದಾಗಿನಷ್ಟು ಬಲವಾಗಿ ಅಲ್ಲ. ‘ಇದು ನಿನ್ನದೇ ಮಾತು’ ಎಂಬ ಮುನ್ಸೂಚನೆಯೂ ಆ ಪ್ರತಿಯಲ್ಲೇ ಇರುತ್ತದೆ. ಅದು ತಪ್ಪಿದಾಗ ಸ್ವಂತ ಮಾತೇ ಪರರ ಬೈಗುಳವಾಗಿ ಕೇಳಿಸಬಹುದು. ಸ್ಕಿಜೋಫ್ರೇನಿಯಾ ಕಾಯಿಲೆಯವರಿಗೆ ಕೇಳುವ ದನಿಗಳಿಗೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ. ಏನೋ ಉಪದ್ರವೆಂದು ಅಂಥವರನ್ನು ವರ್ಷಗಟ್ಟಲೆ ಮನೆಯಲ್ಲೇ ಇರಿಸಿಕೊಂಡವರನ್ನು ನಾನು ಕಂಡಿದ್ದೇನೆ. ಅವರಿಗೆ ಬೇಕಾದುದು ವೈದ್ಯರು.

2025ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದವರು, ಮಾತಾಡಲು ಕಷ್ಟಪಡುವ ಕೆಲವು ರೋಗಿಗಳ ಮಿದುಳಿನಲ್ಲಿ ಸೂಕ್ಷ್ಮ ವಿದ್ಯುದ್ವಾರಗಳನ್ನಿರಿಸಿ, ಅವರು ಮನದಲ್ಲಿ ಆಡಿದ ಮಾತನ್ನು ಒಂದಿಷ್ಟು ಓದಿದರು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಮೂರನೆಯ ತರಗತಿಯಲ್ಲಿ ತುಳು ಮನೆಮಾತಿನ ಹುಡುಗನೊಬ್ಬನಿದ್ದನು. ಮೌನವಾಚನದ ವೇಳೆಯಲ್ಲಿ ಅವನ ತುಟಿ ಅಲುಗುತ್ತಿತ್ತು. ನಾನು ಬೆತ್ತದಿಂದ ಮೇಜಿಗೆ ಬಡಿದು “ಬಾಯಿ ಮುಚ್ಚಿ ಓದು” ಎಂದೆನು. ಅವನು ತುಟಿ ಕಚ್ಚಿ ಹಿಡಿದು ಓದಿದನು; ಓದಿದ್ದೇನೆಂದು ಕೇಳಿದರೆ ಉತ್ತರವಿಲ್ಲ. ದಡ್ಡನೆಂದು ತೀರ್ಮಾನಿಸಿದೆನು. ನಿವೃತ್ತಿಯ ಬಳಿಕವಷ್ಟೇ ರಷ್ಯಾದ ವೈಗೋಟ್ಸ್ಕಿಯ ವಿಚಾರ ತಿಳಿಯಿತು: ಮಗು ಮೊದಲು ಪರರೊಡನೆ, ಬಳಿಕ ತನ್ನೊಡನೆ ಗಟ್ಟಿಯಾಗಿ ಮಾತಾಡಿ, ಕ್ರಮೇಣ ಆ ಮಾತನ್ನು ಒಳಕ್ಕೆಳೆದುಕೊಳ್ಳುತ್ತದೆ. ಕಠಿಣವಾದುದನ್ನು ಓದುವಾಗ ದೊಡ್ಡವರ ತುಟಿಯ ಸ್ನಾಯುಗಳೂ ಮಿಡಿಯುವುದನ್ನು ಉಪಕರಣಗಳು ತೋರಿಸಿವೆ. ಹುಡುಗನು ಉಪಾಂಶುವಿನಲ್ಲಿದ್ದನು, ಮಾನಸಕ್ಕೇರುವ ಆ ಮೆಟ್ಟಿಲನ್ನೇ ನಾನು ಕಿತ್ತಿದ್ದೆನು.

ಪೈವಳಿಕೆಯಲ್ಲಿ ತುಳು, ಮಲೆಯಾಳ, ಕೊಂಕಣಿ, ಹವ್ಯಕ ಕನ್ನಡ ಎಲ್ಲವೂ ಮನೆಮಾತುಗಳೇ. ಶಾಲೆಯಲ್ಲಿ ಕಲಿತ ಕನ್ನಡ ಇವರ ತಲೆಯೊಳಗೆ ಎಲ್ಲಿಯವರೆಗೆ ಇಳಿಯಿತೆಂಬ ಕುತೂಹಲ ನನಗೆ ಇಂದಿಗೂ ಇದೆ. ಗಲ್ಫಿನಲ್ಲಿ ಲೆಕ್ಕಪತ್ರ ನೋಡುವ, ಮಲೆಯಾಳ ಮನೆಮಾತಿನ ಹಳೆ ವಿದ್ಯಾರ್ಥಿಯೊಬ್ಬನು ರಜೆಯಲ್ಲಿ ಬಂದಾಗ ಇದನ್ನೇ ಕೇಳಿದೆನು. “ಬರೆಯುವುದೆಲ್ಲ ಇಂಗ್ಲಿಷಿನಲ್ಲಿ ಮಾಷ್ಟ್ರೇ, ಕೂಡಿಸುವಾಗ ಮಾತ್ರ ಒಳಗೆ ಕನ್ನಡವೇ ಬರುತ್ತದೆ” ಎಂದು ನಕ್ಕನು.