ಕಂಪ್ಯೂಟರಿನ ವಿಡಿಯೊ ಟಿವಿಯ ದೊಡ್ಡ ಪರದೆಗೆ

ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊಗಳು ಈಗ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಸೇರಿವೆ. ಡಿವಿಡಿ ಪ್ಲೇಯರ್ ಕೆಟ್ಟು ಅಟ್ಟ ಹತ್ತಿದೆ. ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದರೆ ಕೆಲವು ಫೈಲು ತೆರೆಯುವುದೇ ಇಲ್ಲ, ಕೆಲವು ತೆರೆದರೂ ಧ್ವನಿ ಬರುವುದಿಲ್ಲ. ಕಂಪ್ಯೂಟರನ್ನೇ ನೇರವಾಗಿ ಟಿವಿಗೆ ಜೋಡಿಸಿದರೆ ಈ ತಾಪತ್ರಯವಿಲ್ಲ. ಫೈಲನ್ನು ಓದುವ ಕೆಲಸ ಕಂಪ್ಯೂಟರಿನದು, ತೋರಿಸುವುದಷ್ಟೇ ಟಿವಿಯದು. ಕಚೇರಿ ಕೆಲಸಕ್ಕೆ ನಿಧಾನವಾಯಿತೆಂದು ಪಕ್ಕಕ್ಕಿಟ್ಟ ಹಳೆಯ ಲ್ಯಾಪ್‌ಟಾಪ್ ಕೂಡ ಇದಕ್ಕೆ ಸಾಕು.

ವೈರು ಚುಚ್ಚುವುದು ಎರಡು ನಿಮಿಷದ ಕೆಲಸ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಅಂಚು ಕತ್ತರಿಸಿಹೋದ, ಮುಖಗಳು ಅಗಲವಾದ, ಗೆರೆಗೆರೆಯಾದ ಚಿತ್ರವನ್ನೇ ನೋಡುತ್ತ ಕೂರುತ್ತಾರೆ. ಇನ್ನು ಹದಿನೈದು ನಿಮಿಷ ಕೊಟ್ಟರೆ ಅದೇ ವಿಡಿಯೊ ಎಷ್ಟು ಚೆನ್ನಾಗಿದೆ ಎಂಬುದು ಕಾಣುತ್ತದೆ.

ಯಾವ ಕಿಂಡಿ, ಯಾವ ಕೇಬಲ್?

ಟಿವಿಯ ಹಿಂದೆ ಅಥವಾ ಪಕ್ಕದಲ್ಲಿ ಸುಮಾರು ಬೆರಳಗಲದ, ಎರಡು ಮೂಲೆ ಒಳಕ್ಕೆ ಬಾಗಿದ ಚಪ್ಪಟೆ ಕಿಂಡಿಗಳಿರುತ್ತವೆ. ಅದೇ ಎಚ್‌ಡಿಎಂಐ. ಕಂಪ್ಯೂಟರಿನಲ್ಲೂ ಅಂಥದ್ದೇ ಇದ್ದರೆ ಒಂದು ಸಾದಾ ಎಚ್‌ಡಿಎಂಐ ಕೇಬಲ್ ಸಾಕು. ಚಿತ್ರ, ಧ್ವನಿ ಎರಡೂ ಅದರಲ್ಲೇ ಹೋಗುತ್ತವೆ. ಚಿನ್ನದ ಲೇಪವಿದೆ ಎಂದು ದುಬಾರಿ ಕೇಬಲ್ ಕೊಂಡರೆ ಚಿತ್ರ ಹೆಚ್ಚು ಸ್ಪಷ್ಟವಾಗುವುದಿಲ್ಲ. ಉದ್ದ ಮಾತ್ರ ಅಳೆದು ಕೊಳ್ಳಿ. ಟಿವಿ ಗೋಡೆಯ ಮೇಲಿದ್ದರೆ ಒಂದೂವರೆ ಮೀಟರ್ ಸಾಲದು, ಮೂರು ಮೀಟರಿನದು ತನ್ನಿ. ಸೌಂಡ್‌ಬಾರ್ ಇರುವವರು ಟಿವಿಯಲ್ಲಿ ಎಆರ್‌ಸಿ ಎಂದು ಬರೆದ ಕಿಂಡಿಯನ್ನು ಅದಕ್ಕೇ ಬಿಟ್ಟು ಬೇರೊಂದನ್ನು ಬಳಸಿ.

ಡೆಸ್ಕ್‌ಟಾಪ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲನ್ನು ಕೆಳಗಡೆಯ ಆ ಕಾರ್ಡಿಗೇ ಚುಚ್ಚಬೇಕು. ಮೇಲಿನ ಮದರ್‌ಬೋರ್ಡ್ ಕಿಂಡಿಗೆ ಹಾಕಿ ‘ಸಿಗ್ನಲ್ ಇಲ್ಲ’ ಎಂದು ಪರದಾಡುವವರು ಬಹಳ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ಕಿಂಡಿ ಮಾತ್ರ ಇರಬಹುದು. ಅದರ ಪಕ್ಕ ಮಿಂಚಿನ ಗುರುತೋ ಡಿಸ್‌ಪ್ಲೇಪೋರ್ಟ್ ಗುರುತೋ ಇದ್ದರೆ ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಕೆಲಸ ಮಾಡುತ್ತದೆ. ಗುರುತಿಲ್ಲದಿದ್ದರೆ ಆ ಮಾಡೆಲ್‌ನ ವಿವರ ನೋಡದೆ ಅಡಾಪ್ಟರ್ ಕೊಳ್ಳಬೇಡಿ. ಎಲ್ಲ ಯುಎಸ್‌ಬಿ-ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ.

ಹಳೆಯ ಕಂಪ್ಯೂಟರಿನಲ್ಲಿ ನೀಲಿ ಬಣ್ಣದ, 15 ಪಿನ್ನಿನ ವಿಜಿಎ ಮಾತ್ರ ಇದ್ದರೆ? ಇದು 1987ರಲ್ಲಿ ಐಬಿಎಂ ತಂದ ವ್ಯವಸ್ಥೆ. ಇದರಲ್ಲಿ ಚಿತ್ರವಷ್ಟೇ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಕೇಳಿ ತನ್ನಿ. ಅದಕ್ಕೆ ಕರೆಂಟಿಗಾಗಿ ಒಂದು ಯುಎಸ್‌ಬಿ ವೈರು, ಧ್ವನಿಗಾಗಿ ಹೆಡ್‌ಫೋನ್ ಕಿಂಡಿಗೆ ಹೋಗುವ ಇನ್ನೊಂದು ವೈರು ಇರಬೇಕು. ಎರಡೂ ಇಲ್ಲದ ಬರೀ ಪ್ಲಗ್ಗು ಕೊಟ್ಟರೆ ಅಂಗಡಿಯಲ್ಲೇ ವಾಪಸ್ ಕೊಡಿ.

ಚುಚ್ಚುವ ಮೊದಲು

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಕೇಬಲ್ ಟಿವಿಯ ತಂತಿ ಕಂಬದಿಂದ ಕಂಬಕ್ಕೆ, ಮನೆಯಿಂದ ಮನೆಗೆ ಹಾದು ಬರುತ್ತದೆ. ಅದರ ಲೋಹದ ಹೊರಕವಚದಲ್ಲಿ ಸೋರಿಕೆಯ ಕರೆಂಟು ಇರುವುದುಂಟು. ಸೆಟ್ ಟಾಪ್ ಬಾಕ್ಸ್ ಮುಟ್ಟಿದಾಗ ಕೈ ಜುಮ್ಮೆನ್ನುವುದು ಅದರಿಂದಲೇ ಇರಬಹುದು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಎಚ್‌ಡಿಎಂಐ ಚುಚ್ಚುವ ಆ ಕ್ಷಣದಲ್ಲಿ ಈ ಕರೆಂಟು ಟಿವಿಯಿಂದ ಕಂಪ್ಯೂಟರಿಗೆ ಹರಿದು ಎರಡರ ಕಿಂಡಿಯನ್ನೂ ಸುಡಬಲ್ಲದು.

ಹಾಗಾಗಿ ಟಿವಿ, ಸೆಟ್ ಟಾಪ್ ಬಾಕ್ಸ್, ಕಂಪ್ಯೂಟರ್ ಮೂರನ್ನೂ ಗೋಡೆಯ ಸ್ವಿಚ್‌ನಲ್ಲೇ ಆಫ್ ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತಿಡಿ. ಬಾಕ್ಸಿನಿಂದ ಡಿಶ್ ಅಥವಾ ಕೇಬಲ್ ತಂತಿ ತಿರುಗಿಸಿ ಬಿಚ್ಚಿ. ಆಮೇಲೆ ಎಚ್‌ಡಿಎಂಐ ಜೋಡಿಸಿ, ತಂತಿ ಮತ್ತೆ ಹಾಕಿ, ಕೊನೆಯಲ್ಲಿ ಸ್ವಿಚ್ ಒತ್ತಿ. ಕಂಪ್ಯೂಟರಿನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್‌ಗೆ ಒಗ್ಗಿಸುವ ಸಾಹಸ ಬೇಡ. ಜುಮ್ಮೆನ್ನುವುದು ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಅಲ್ಲಿಯವರೆಗೆ ಜೋಡಿಸಬೇಡಿ.

ಚಿತ್ರ ಬಂತು, ಮುಂದೆ?

ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಒತ್ತಿ ನೀವು ಚುಚ್ಚಿದ ಎಚ್‌ಡಿಎಂಐ ಸಂಖ್ಯೆ ಆರಿಸಿ. ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಹಿಡಿದು ಪಿ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ವಿಡಿಯೊ ನೋಡಲು ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಉತ್ತಮ. ‘ಡೂಪ್ಲಿಕೇಟ್’ ಆರಿಸಿದರೆ ಲ್ಯಾಪ್‌ಟಾಪ್ ಪರದೆಯ ಅಳತೆಗೆ ಟಿವಿಯೂ ಇಳಿಯಬಹುದು. ಧ್ವನಿ ಇನ್ನೂ ಕಂಪ್ಯೂಟರಿನಿಂದಲೇ ಬರುತ್ತಿದ್ದರೆ ಕೆಳಮೂಲೆಯ ಸ್ಪೀಕರ್ ಚಿತ್ರ ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರು ಆರಿಸಿ.

ಈಗ ಡೆಸ್ಕ್‌ಟಾಪ್‌ನ ನಾಲ್ಕು ಮೂಲೆ ನೋಡಿ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯವಾಗಿದೆಯೇ? ಹಳೆಯ ಡಬ್ಬಾ ಟಿವಿಗಳ ಕಾಲದಿಂದ ಬಂದ ಓವರ್‌ಸ್ಕ್ಯಾನ್ ಅಭ್ಯಾಸದಿಂದ ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತದೆ. ಟಿವಿಯ ಪಿಕ್ಚರ್ ಮೆನುವಿನಲ್ಲಿ ಇದನ್ನು ನಿಲ್ಲಿಸಬಹುದು. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಎಂಬ ಹೆಸರಿರುತ್ತದೆ. ಆ ಎಚ್‌ಡಿಎಂಐಗೆ ‘ಪಿಸಿ’ ಎಂದು ಹೆಸರು ಕೊಡಲು ಟಿವಿಯಲ್ಲಿ ಅವಕಾಶವಿದ್ದರೆ ಕೊಡಿ, ಅಕ್ಷರಗಳೂ ಸ್ಪಷ್ಟವಾಗುತ್ತವೆ. ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ರೆಕಮೆಂಡೆಡ್’ ಎಂದಿರುವ ರೆಸಲ್ಯೂಷನ್ ಇಡಿ. ಫುಲ್ ಎಚ್‌ಡಿ ಟಿವಿಗೆ ಅದು 1920×1080, 4ಕೆ ಟಿವಿಗೆ 3840×2160.

ಚಿತ್ರದ ಆಕಾರ ಕೆಡಿಸಬೇಡಿ

ಅಗಲ ಟಿವಿಯ ಅನುಪಾತ 16:9. ಹಳೆಯ ಮದುವೆ ಡಿವಿಡಿಗಳು, 1954ರ ‘ಬೇಡರ ಕಣ್ಣಪ್ಪ’ದಂಥ ಕಪ್ಪುಬಿಳುಪು ಚಿತ್ರಗಳು ಹೆಚ್ಚುಕಡಿಮೆ 4:3. ಇವನ್ನು ಪರದೆ ತುಂಬ ಎಳೆದರೆ ಪ್ರತಿ ಮುಖವೂ ಮೂರನೇ ಒಂದು ಭಾಗದಷ್ಟು ಅಗಲವಾಗುತ್ತದೆ. ರಾಜ್‌ಕುಮಾರ್ ಅವರ ಮುಖವನ್ನು ಹಾಗೆ ಹಿಗ್ಗಿಸಿ ನೋಡುವುದು ನನಗಂತೂ ಸಹಿಸಲಾಗದ್ದು. ಎಡಬಲದಲ್ಲಿ ಕಪ್ಪು ಪಟ್ಟಿ ಇರಲಿ. ಸಿನಿಮಾಸ್ಕೋಪ್ ಚಿತ್ರಗಳಿಗೆ ಮೇಲೆ ಕೆಳಗೆ ಪಟ್ಟಿ ಬರುತ್ತದೆ, ಅದೂ ಇರಲಿ. ‘ಇಷ್ಟು ಜಾಗ ಯಾಕೆ ಖಾಲಿ ಬಿಟ್ಟಿದ್ದೀಯ?’ ಎಂದು ಮನೆಯಲ್ಲಿ ಕೇಳಿದರೂ ‘ಜೂಮ್’, ‘ವೈಡ್’ ಗುಂಡಿಗಳ ಕಡೆ ಕೈ ಹೋಗದಿರಲಿ.

ಸರಿಯಾದ ಆಕಾರ ಯಾವುದೆಂಬ ಅನುಮಾನ ಬಂದರೆ ವಿಡಿಯೊದಲ್ಲಿ ದುಂಡಗಿನ ವಸ್ತು ಹುಡುಕಿ. ಮದುವೆ ವಿಡಿಯೊದಲ್ಲಿ ನೇರಕ್ಕೆ ಎತ್ತಿ ಹಿಡಿದ ಆರತಿ ತಟ್ಟೆಯೋ ಹಣೆಯ ಕುಂಕುಮವೋ ಸಿಕ್ಕೇ ಸಿಗುತ್ತದೆ. ಅಲ್ಲಿ ನಿಲ್ಲಿಸಿ, ವಿಎಲ್‌ಸಿ ಪ್ಲೇಯರಿನಲ್ಲಿ ‘ಎ’ ಕೀಯನ್ನು ಒಂದೊಂದೇ ಸಲ ಒತ್ತುತ್ತ ಹೋಗಿ. ತಟ್ಟೆ ದುಂಡಗಾದಾಗ ಬಿಡಿ.

ಹಳೆಯ ಮದುವೆ ವಿಡಿಯೊಗಳಿಗೆ ಇನ್ನೊಂದು ತೊಂದರೆಯಿದೆ. ವಧು ತಲೆ ತಿರುಗಿಸಿದಾಗ, ಸೆರಗು ಅಲುಗಿದಾಗ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಆ ಕಾಲದ ಕ್ಯಾಮೆರಾ ಒಂದು ಚಿತ್ರವನ್ನು ಎರಡು ಕಂತಿನಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲಾಗಿ ಹಿಡಿಯುತ್ತಿತ್ತು. ಎರಡು ಕಂತಿನ ನಡುವೆ ವಸ್ತು ಸರಿದಿರುತ್ತದೆ. ವಿಎಲ್‌ಸಿಯಲ್ಲಿ ‘ಡಿ’ ಒತ್ತಿದರೆ ಡಿಇಂಟರ್ಲೇಸ್ ಶುರುವಾಗಿ ಗೆರೆ ಹೋಗುತ್ತದೆ.

ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಚಿತ್ರ ಸಣ್ಣಗೆ ತಡವರಿಸಿದಂತೆ ಕಂಡರೆ ವೇಗದ ಲೆಕ್ಕ ತಪ್ಪಿದೆ ಎಂದರ್ಥ. ನಮ್ಮ ದೇಶದ ವಿಡಿಯೊ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಕಂಪ್ಯೂಟರ್ ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿ ಕಳಿಸುತ್ತದೆ. 60ನ್ನು 25 ಸಮವಾಗಿ ಭಾಗಿಸದ ಕಾರಣ ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ತೋರುತ್ತವೆ. ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ 50 ಮಾಡಿ. ಸೆಕೆಂಡಿಗೆ 24 ಚಿತ್ರದ ಸಿನಿಮಾಗಳಿಗೆ, ಪಟ್ಟಿಯಲ್ಲಿದ್ದರೆ, 24 ಹಾಕಿ.

ಬಿಡಿಬಿಡಿಯಾಗಿ ಕೆಲವು

ಧ್ವನಿಯನ್ನು ಕಂಪ್ಯೂಟರಿನಿಂದ ನೇರವಾಗಿ ಸ್ಪೀಕರಿಗೆ ಕೊಟ್ಟಿದ್ದರೆ ಮಾತು ತುಟಿಗಿಂತ ಮುಂದೆ ಓಡಬಹುದು. ವಿಎಲ್‌ಸಿಯಲ್ಲಿ ‘ಕೆ’ ಒತ್ತಿದಷ್ಟೂ ಧ್ವನಿ ಹಿಂದೆ ಬೀಳುತ್ತದೆ, ‘ಜೆ’ ಒತ್ತಿದರೆ ಮುಂದಕ್ಕೆ ಬರುತ್ತದೆ. ಕನ್ನಡ ಸಬ್‌ಟೈಟಲ್ ಚೌಕ ಚೌಕವಾಗಿ ಕಂಡರೆ ಪ್ರಿಫರೆನ್ಸಸ್‌ನಲ್ಲಿ ಫಾಂಟ್ ‘ನಿರ್ಮಲಾ ಯುಐ’, ಎನ್‌ಕೋಡಿಂಗ್ ‘ಯುಟಿಎಫ್-8’ ಮಾಡಿ. ಒಟಿಟಿ ಸಿನಿಮಾ ಮಾತ್ರ ಕಪ್ಪಾಗಿ ಕಂಡು ನಿಮ್ಮ ಸ್ವಂತ ಫೈಲುಗಳು ಸರಿಯಾಗಿ ಓಡುತ್ತಿದ್ದರೆ ಕನ್ವರ್ಟರ್ ಎಚ್‌ಡಿಸಿಪಿ ಎಂಬ ನಕಲು ತಡೆಗೆ ಒಪ್ಪುತ್ತಿಲ್ಲದಿರಬಹುದು. ವೈರಿಲ್ಲದೆಯೂ ಜೋಡಿಸಬಹುದು, ವಿಂಡೋಸ್ ಕೀ ಜತೆ ಕೆ ಒತ್ತಿದರೆ ಹತ್ತಿರದ ಸ್ಮಾರ್ಟ್ ಟಿವಿಗಳ ಹೆಸರು ಬರುತ್ತದೆ. ಫೋಟೊ ತೋರಿಸಲು ಅದು ಸರಿ, ಮೂರು ಗಂಟೆಯ ಸಿನಿಮಾಕ್ಕೆ ಕೇಬಲ್ಲೇ ವಾಸಿ.

ಲ್ಯಾಪ್‌ಟಾಪ್ ಮುಚ್ಚಿಟ್ಟು ನೋಡುವುದಾದರೆ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ‘ಡು ನಥಿಂಗ್’ ಎಂದಿಡಿ, ಸೋಫಾದ ದಿಂಬಿನ ಮೇಲೆ ಇಡದೆ ಗಾಳಿಯಾಡುವ ಗಟ್ಟಿ ಮೇಜಿನ ಮೇಲಿಡಿ. ನೋಡಿ ಮುಗಿದ ಮೇಲೆ ವಿಂಡೋಸ್ ಕೀ ಮತ್ತು ಪಿ ಒತ್ತಿ ‘ಪಿಸಿ ಸ್ಕ್ರೀನ್ ಓನ್ಲಿ’ಗೆ ಮರಳಿ. ಕಂಪ್ಯೂಟರ್, ಟಿವಿ ಎರಡನ್ನೂ ಆಫ್ ಮಾಡಿದ ಬಳಿಕ ಕೇಬಲನ್ನು ಪ್ಲಗ್ಗಿನ ಬುಡದಲ್ಲಿ ಹಿಡಿದು ನೇರವಾಗಿ ಎಳೆಯಿರಿ.