ಲಂಡನ್ನಿಗೆ ಜನ ಏನು ನೋಡಲು ಹೋಗುತ್ತಾರೆ?

ಪ್ರಶ್ನೆ: ಮಗ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾನೆ. ಬಂದು ಹೋಗಿ ಎಂದು ಎರಡು ವರ್ಷದಿಂದ ಕರೆಯುತ್ತಿದ್ದಾನೆ. ಅಲ್ಲಿ ಸದಾ ಮಳೆ, ಚಳಿ, ಮುಟ್ಟಿದ್ದಕ್ಕೆಲ್ಲ ಕೈಸುಡುವ ಬೆಲೆ ಎಂದು ಕೇಳಿದ್ದೇನೆ. ಹಾಗಿದ್ದೂ ಪ್ರಪಂಚದ ಜನ ಆ ಊರಿಗೆ ಯಾಕೆ ಮುಗಿಬೀಳುತ್ತಾರೆ?
– ಒಬ್ಬ ಓದುಗರು, ಶಿರಸಿ

ಮಳೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಬೆಂಗಳೂರಿಗೇ ಅದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಶಿರಸಿಯ ಆಷಾಢ ಕಂಡ ನಿಮಗೆ ಅದು ಲೆಕ್ಕಕ್ಕೇ ಇಲ್ಲ. ಅಲ್ಲಿಯದು ಜಿಟಿಜಿಟಿ ಹನಿ, ತಗ್ಗಿ ಕೂತ ಮೋಡ. ಒಂದು ಕೊಡೆ ಸಾಕು. ಚಳಿ ನಿಜ, ಬೆಲೆಯೂ ನಿಜ.

ಆದರೂ ಜನ ಹೋಗುತ್ತಾರೆ. ನೆಂಟರ ಮನೆ, ಅಂಗಡಿ ಬೀದಿ, ನಾಟಕ, ಫುಟ್‌ಬಾಲ್, ಅರಮನೆಯ ಮುಂದೆ ಕಾವಲುಗಾರರ ಪಾಳಿ ಬದಲಾಗುವ ಮೆರವಣಿಗೆ ಎಂದು ಒಬ್ಬೊಬ್ಬರಿಗೆ ಒಂದೊಂದು ನೆಪ. ನನಗೆ ಕಾಣುವ ದೊಡ್ಡ ಕಾರಣ ಬೇರೆ. ಆ ಊರನ್ನು ನಾವೆಲ್ಲ ನೋಡುವ ಮೊದಲೇ ಬಲ್ಲೆವು. ಭೂಗೋಳದ ಪಾಠದಲ್ಲಿ ಗ್ರೀನಿಚ್ ಬಂತು, ಚರಿತ್ರೆಯಲ್ಲಿ ದುಂಡುಮೇಜಿನ ಪರಿಷತ್ತು ಬಂತು, 1983ರಲ್ಲಿ ರೇಡಿಯೋಗೆ ಕಿವಿಗೊಟ್ಟು ಕೂತವರಿಗೆ ಲಾರ್ಡ್ಸ್ ಮೈದಾನ ಮನೆಯಂಗಳವೇ ಆಯಿತು. ಕಿವಿಯಲ್ಲಿ ಕೇಳಿದ್ದನ್ನು ಕಣ್ಣಾರೆ ಕಂಡು ಬರಬೇಕೆಂಬ ಆಸೆ ಸಣ್ಣದಲ್ಲ. ನಮ್ಮ ಹಿರಿಯರು ಕಾಶಿಗೆ ಹೊರಟದ್ದರ ಹಿಂದೆಯೂ ಅದು ಇತ್ತು.

ಗ್ರೀನಿಚ್ಚನ್ನೇ ನೋಡಿ. ಪಾರ್ಕಿನ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ 1675ರಲ್ಲಿ ಎರಡನೇ ಚಾರ್ಲ್ಸ್ ದೊರೆ ಸ್ಥಾಪಿಸಿದ ಖಗೋಳ ವೀಕ್ಷಣಾಲಯ. ನಡುಗಡಲಿನಲ್ಲಿ ಹಡಗು ಪೂರ್ವಕ್ಕೆಷ್ಟು, ಪಶ್ಚಿಮಕ್ಕೆಷ್ಟು ಸರಿದಿದೆ ಎಂದು ಗೊತ್ತಾಗದೆ ನಾವಿಕರು ಸಾಯುತ್ತಿದ್ದ ಕಾಲ ಅದು. ಆ ಕಷ್ಟಕ್ಕೆ ಪರಿಹಾರ ಹುಡುಕಲೆಂದೇ ಈ ಕಟ್ಟಡ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಭೆ ಪ್ರಪಂಚದ ಸೊನ್ನೆ ರೇಖಾಂಶ ಇಲ್ಲಿಂದಲೇ ಎಂದು ತೀರ್ಮಾನಿಸಿತು. ಅಂಗಳದ ನೆಲದಲ್ಲಿ ಲೋಹದ ಗೆರೆ ಕೂರಿಸಿದ್ದಾರೆ. ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟುತ್ತಾರೆ. ಮಧ್ಯಾಹ್ನ ಒಂದಕ್ಕೆ ಐದು ನಿಮಿಷ ಇರುವಾಗ ತಲೆಯೆತ್ತಿ ಮಾಡಿನ ಕಡೆ ನೋಡಬೇಕು. ಕಂಬಕ್ಕೆ ಪೋಣಿಸಿದ ಕೆಂಪು ಚೆಂಡು ಅರ್ಧ ಏರಿ ನಿಲ್ಲುತ್ತದೆ, ಎರಡು ನಿಮಿಷ ಬಾಕಿ ಇರುವಾಗ ತುದಿ ಮುಟ್ಟುತ್ತದೆ, ಸರಿಯಾಗಿ ಒಂದಕ್ಕೆ ಕೆಳಗಿಳಿಯುತ್ತದೆ. ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲಿ ಎಂದು 1833ರಲ್ಲಿ ಶುರುವಾದ ಪದ್ಧತಿ ಇದು. ನಿಮ್ಮ ಮನೆಯ ಗೋಡೆ ಗಡಿಯಾರ ತೋರಿಸುವುದು ಈ ಗೆರೆಯ ವೇಳೆಗಿಂತ ಐದೂವರೆ ಗಂಟೆ ಮುಂದೆ. ಅದನ್ನು ಅಲ್ಲಿ ನಿಂತು ನೆನೆದಾಗ ಮೈ ಜುಮ್ಮೆನ್ನುತ್ತದೆ.

ಕನ್ನಡಿಗರಾದ ನಾವು ನೋಡಲೇಬೇಕಾದದ್ದು ಇನ್ನೊಂದಿದೆ: ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಟಿಪ್ಪುವಿನ ಹುಲಿ. ಮರದಲ್ಲಿ ಕಡೆದು ಬಣ್ಣ ಬಳಿದ, ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ಗಾತ್ರದ ಗೊಂಬೆ. ಕೆಳಗೆ ಅಂಗಾತ ಬಿದ್ದ ಬಿಳಿಯ, ಅವನ ಕತ್ತಿಗೆ ಬಾಯಿ ಹಾಕಿದ ಹುಲಿ. ಪಕ್ಕದ ಹಿಡಿ ತಿರುಗಿಸಿದರೆ ಅವನ ಒಂದು ಕೈ ಏಳುತ್ತದೆ, ನರಳುವ ದನಿ ಬರುತ್ತದೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಹೊಟ್ಟೆಯೊಳಗೆ ಬಾರಿಸಲು ಬರುವ ಪುಟ್ಟ ಆರ್ಗನ್ ಕೂಡ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಕೊಳ್ಳೆಹೊಡೆದ ವಸ್ತುಗಳಲ್ಲಿ ಇದೂ ಒಂದು. ಕೊಳ್ಳೆ ಎಂಬ ಮಾತನ್ನು ಮೆತ್ತಗೆ ಮಾಡುವ ಅಗತ್ಯವಿಲ್ಲ. 1808ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಇದನ್ನು ಲಂಡನ್ನಿನ ತನ್ನ ಕಚೇರಿಯಲ್ಲಿ ಜನರ ನೋಟಕ್ಕಿಟ್ಟಿತು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತ ಕೂತ ವಿದ್ವಾಂಸರಿಗೆ ತಲೆಚಿಟ್ಟು ಹಿಡಿಸುತ್ತಿದ್ದರು. ಲಂಡನ್ನಿನ ಪ್ರವಾಸಿಗರ ನೂಕುನುಗ್ಗಲು ಅಷ್ಟು ಹಳೆಯದು, ಅದರ ಒಂದು ತುದಿ ಕಾವೇರಿಯ ದಡದಲ್ಲಿದೆ. ಮ್ಯೂಸಿಯಂನ ಕೋಣೆಗಳಲ್ಲಿ ದುರಸ್ತಿ ನಡೆಯುವುದುಂಟು. ಹೊರಡುವ ಮುನ್ನ ಹುಲಿ ಪ್ರದರ್ಶನದಲ್ಲಿದೆಯೇ ಎಂದು ಮಗನಿಂದ ವಿಚಾರಿಸಿಕೊಳ್ಳಿ.

ಇನ್ನು ಬೆಲೆ. ಊಟ, ವಸತಿ ದುಬಾರಿ. ಕೊಹಿನೂರ್ ಇರುವ ಟವರ್ ಕೋಟೆ, ನ್ಯೂಟನ್ ಮತ್ತು ಡಾರ್ವಿನ್ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆ, ಮೇಲೆ ಹೇಳಿದ ವೀಕ್ಷಣಾಲಯ, ಇವಕ್ಕೆಲ್ಲ ಟಿಕೆಟ್ ಇದೆ. ಆದರೆ ಟಿಪ್ಪುವಿನ ಹುಲಿಗೆ ಇಲ್ಲ. ಬ್ರಿಟಿಷ್ ಮ್ಯೂಸಿಯಂಗೂ ಇಲ್ಲ, ನ್ಯಾಷನಲ್ ಗ್ಯಾಲರಿಗೂ ಇಲ್ಲ. 2001ರ ಡಿಸೆಂಬರ್‌ನಿಂದ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಸಂಗ್ರಹಗಳಿಗೆ ಪ್ರವೇಶ ಉಚಿತ. ವ್ಯಾನ್ ಗೋನ ಸೂರ್ಯಕಾಂತಿಯ ಮುಂದೆ ಬಿಡಿಗಾಸು ಕೊಡದೆ ಎಷ್ಟು ಹೊತ್ತಾದರೂ ನಿಲ್ಲಬಹುದು, ನಾಳೆ ಮತ್ತೆ ಬರಬಹುದು. ಜನ ಮತ್ತೆ ಮತ್ತೆ ಹೋಗುವುದಕ್ಕೆ ಇದು ಬಹಳ ದೊಡ್ಡ ಕಾರಣ, ಯಾವ ರಾಜಧಾನಿಯೂ ಕಲಿಯಬೇಕಾದದ್ದು.

ಬೀದಿಯಲ್ಲಿ ನಡೆಯುವುದಕ್ಕೂ ಕಾಸು ಬೇಡ. ಮನೆಗಳ ಗೋಡೆಯ ಮೇಲೆ ದುಂಡನೆಯ ನೀಲಿ ಫಲಕಗಳು ಕಾಣುತ್ತವೆ: ಇಲ್ಲಿ ಇಂಥವರು ವಾಸವಿದ್ದರು, ಇಂಥ ವರ್ಷ. ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರ್ ಮನೆಯಲ್ಲಿ 1921–22ರಲ್ಲಿ ಅಂಬೇಡ್ಕರರು ಓದಿಕೊಂಡಿದ್ದರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡಿತು. ಅದೇ ವರ್ಷ ನವೆಂಬರ್ 14ರಂದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದರ ಹಿಂದೆ ದುಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ್. ನದಿಯ ಆಚೆ ದಡದಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು.

ಮಗ ಕರೆದಿದ್ದಾನೆ, ಹೋಗಿ ಬನ್ನಿ. ಮೇ, ಜೂನ್ ತಿಂಗಳಾದರೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಮೊದಲ ದಿನ ಟಿಕೆಟ್ ಬೇಡದ ಜಾಗಗಳಿಗೇ ಕರೆದುಕೊಂಡು ಹೋಗು ಎಂದು ಅವನಿಗೆ ಹೇಳಿ, ಸಂಜೆ ಬಸವಣ್ಣನವರ ಬಳಿ ಸ್ವಲ್ಪ ಹೊತ್ತು ಕೂತು ಬನ್ನಿ.